ಕ್ಯಾನ್ಸರ್ ಡೇಟಾ ನೋಡುವವರಿಗೂ ಒಂದು ಕೂಟ ಬೇಕು

ಮಾನ್ಯ ಸಂಪಾದಕರೇ,

ನಾನು ಬಯೋಇನ್ಫರ್ಮ್ಯಾಟಿಕ್ಸ್ ಕೆಲಸ ಮಾಡುವವಳು. ಹಾಗಂದರೆ ಏನು ಅಂತ ನಮ್ಮ ಮನೆಯವರಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಕ್ಯಾನ್ಸರ್ ಗಡ್ಡೆಯ ಚೂರಿನಿಂದ ತೆಗೆದ ಡಿಎನ್‌ಎಯನ್ನು ಯಂತ್ರ ಓದುತ್ತದೆ. ಅದರಲ್ಲಿ ಯಾವ ಬದಲಾವಣೆ ಗಡ್ಡೆಯದ್ದು, ಯಾವುದು ಹುಟ್ಟಿನಿಂದಲೇ ಬಂದದ್ದು, ಯಾವುದು ಯಂತ್ರ ಮಾಡಿದ ತಪ್ಪು ಎಂದು ಕಂಪ್ಯೂಟರಿನಲ್ಲಿ ಬೇರೆ ಮಾಡುವುದು ನಮ್ಮ ಪಾಲಿನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಆದರೆ ಇಲ್ಲಿ ಅಕ್ಕಿಯ ಲೆಕ್ಕ ಸುಮಾರು 300 ಕೋಟಿ ಡಿಎನ್‌ಎ ಅಕ್ಷರ.

ಕೆಲಸಕ್ಕೆ ಹೊಸಬಳಾಗಿದ್ದಾಗ ಒಮ್ಮೆ ಮೂರು ದಿನ ಒದ್ದಾಡಿದೆ. ಆಸ್ಪತ್ರೆಯಿಂದ ಬಂದ ಬದಲಾವಣೆಗಳ ಪಟ್ಟಿಗೂ ನನ್ನ ಪಟ್ಟಿಗೂ ತಾಳೆಯೇ ಆಗಲಿಲ್ಲ. ಕೇಳೋಣ ಅಂದರೆ ವಿಭಾಗದಲ್ಲಿ ಈ ಕೆಲಸ ಬಲ್ಲವಳು ನಾನೊಬ್ಬಳೇ. ಕೊನೆಗೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಹಳೇ ಗೆಳತಿ ಸಿಕ್ಕಳು, ಅವಳೂ ಇದೇ ಕೆಲಸದವಳು. ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಹೇಳಿಬಿಟ್ಟಳು: "ಅವರದು 37, ನಿಂದು 38, ನೋಡಿದ್ಯೇನೇ?" ಮನುಷ್ಯನ ಜೀನೋಮ್‌ಗೆ, ಅಂದರೆ ಇಡೀ ಡಿಎನ್‌ಎಗೆ, 2009ರದ್ದೊಂದು ನಕ್ಷೆ ಇದೆ, ಅದು 37; 2013ರದ್ದೊಂದು ನಕ್ಷೆ ಇದೆ, ಅದು 38. ನಮ್ಮ ಬೆಂಗಳೂರಿನ ಗೇಟುಗಳ ಮೇಲೆ ಹಳೇ ನಂಬರ್, ಹೊಸ ನಂಬರ್ ಅಂತ ಬರೆದಿರುತ್ತಾರಲ್ಲ, ಹಾಗೆಯೇ. ಮನೆ ಅದೇ, ನಂಬರ್ ಬೇರೆ.

ಮದುವೆಗೆ ಹೋಗದೆ ಇದ್ದಿದ್ದರೆ?

ಇಂಥ ಎಡವಟ್ಟು ನಮಗೆ ಮಾತ್ರ ಆಗುವುದಲ್ಲ. ಎಕ್ಸೆಲ್‌ನಲ್ಲಿ 'ಮಾರ್ಚ್1' ಎಂಬ ಜೀನ್ ಸುಮ್ನೆ ತಾರೀಖಾಗಿ ಬದಲಾಗಿಬಿಡುತ್ತಿತ್ತು. ಎಷ್ಟೋ ವರ್ಷ ಪ್ರಪಂಚದ ಲ್ಯಾಬ್‌ಗಳೆಲ್ಲ ಪಾಡುಪಟ್ಟ ಮೇಲೆ 2020ರಲ್ಲಿ ಅಂಥ ಜೀನ್‌ಗಳ ಹೆಸರನ್ನೇ ಬದಲಿಸಿದರು.

ನಮ್ಮ ಊರಿಗೆ ಏನು ಕಡಿಮೆ? 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. 1982ರಿಂದ ಊರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಐಐಎಸ್ಸಿ, ಎನ್‌ಸಿಬಿಎಸ್‌ನಂಥ ಸಂಶೋಧನಾ ಸಂಸ್ಥೆಗಳಿವೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಕಲಿಸುವ ಐಬಿಎಬಿ ಇದೆ. ಕಂಪನಿಗಳು ಬೇರೆ. ಆದರೆ ಒಬ್ಬರು ಎಲೆಕ್ಟ್ರಾನಿಕ್ ಸಿಟಿ, ಇನ್ನೊಬ್ಬರು ಹೆಬ್ಬಾಳ, ಮಧ್ಯೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಒಬ್ಬರ ಮುಖ ಒಬ್ಬರು ನೋಡುವುದು ವರ್ಷಕ್ಕೊಂದು ಸಮ್ಮೇಳನದಲ್ಲಿ, ಅಲ್ಲಿ ಯಾರೂ ತಮ್ಮ ತಪ್ಪು ಹೇಳಿಕೊಳ್ಳುವುದಿಲ್ಲ.

ಇದರ ನಷ್ಟ ಕೊನೆಗೆ ತಟ್ಟುವುದು ರೋಗಿಗೆ. ನಾವು ಹೋಲಿಸಿ ನೋಡುವ ದೊಡ್ಡ ಡೇಟಾದಲ್ಲಿ ಹೆಚ್ಚಿನವರು ಬಿಳಿಯರು. ನಮ್ಮವರಲ್ಲಿ ತೀರಾ ಮಾಮೂಲಾದ ಬದಲಾವಣೆಯೂ ಅಲ್ಲಿ ಅಪರೂಪದ್ದಾಗಿ ಕಾಣುತ್ತದೆ, ಕ್ಯಾನ್ಸರ್‌ನದ್ದೇ ಇರಬೇಕು ಅನಿಸಿಬಿಡುತ್ತದೆ. ಮುಂಬೈನ ಟಾಟಾ ಮೆಮೋರಿಯಲ್‌ನವರು ಭಾರತೀಯರ ಇಂಥ ಬದಲಾವಣೆಗಳ ಪಟ್ಟಿಯೊಂದನ್ನು 2016ರಲ್ಲೇ ಹೊರತಂದರು. ಅದು ಇದೆ ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಒಂದು ವರ್ಷದ ಮೇಲೆ.

ನಾನು ಕೇಳುವುದು ಜಾಸ್ತಿ ಏನಿಲ್ಲ. ತಿಂಗಳಿಗೊಂದು ಶನಿವಾರ, ಎರಡು ಗಂಟೆ ಹೊತ್ತು ಈ ಕೆಲಸದವರೆಲ್ಲ ಸೇರಿ ಕೂರುವ ಕೂಟ. ರೋಗಿಯ ಹೆಸರು, ಗುರುತು ಯಾವುದೂ ಬಾಯಿಗೆ ಬರಬಾರದು. ಪೆಥಾಲಜಿ ಡಾಕ್ಟರುಗಳೂ ಬರಲಿ, ಗಡ್ಡೆಯ ಚೂರಿನಲ್ಲಿ ಎಷ್ಟು ಪಾಲು ಕ್ಯಾನ್ಸರ್ ಕೋಶ ಇತ್ತು ಎಂದು ಅವರು ಹೇಳಿದರೆ ನಮ್ಮ ಅರ್ಧ ತಲೆನೋವು ಕಡಿಮೆ. ದೀಪ ಬೆಳಗುವುದು, ಶಾಲು, ಹಾರ ಬೇಡ. ಸಂಸ್ಥೆಗಳು ಆ ಎರಡು ಗಂಟೆಯನ್ನು ರಜೆ ಅಂತ ಹಿಡಿಯದೆ ಕೆಲಸ ಅಂತ ಲೆಕ್ಕ ಹಾಕಲಿ. ಹೊಸೂರು ರಸ್ತೆ ಕಡೆ ಯಾರಾದರೂ ಒಂದು ಕೋಣೆ ಕೊಟ್ಟರೆ ಸಾಕು, ಕಾಫಿ ಖರ್ಚು ನಾವೇ ನೋಡಿಕೊಳ್ಳುತ್ತೇವೆ.

— ಒಬ್ಬ ಓದುಗರು, ವಿಜಯನಗರ, ಬೆಂಗಳೂರು