ಬಾಗಿಲು ತಟ್ಟುವ ಮೊದಲು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀನು ಚಾಮರಾಜನಗರದ ಕಡೆ ಹಳ್ಳಿಗಳಲ್ಲಿ, ಮೈಕ್ರೋಫೈನಾನ್ಸ್ ಸಾಲಕ್ಕೆ, ಅಂದರೆ ಹೆಂಗಸರಿಗೆ ಗುಂಪು ಕಟ್ಟಿ ಕೊಡುವ ಸಣ್ಣ ಸಾಲಕ್ಕೆ, ಸಿಕ್ಕಿಕೊಂಡ ಮನೆಗಳ ಜೊತೆ ಕೆಲಸ ಶುರು ಮಾಡಿದೆ ಅಂತ ಕೇಳಿ ಹೆಮ್ಮೆಯಾಯಿತು. ಆದರೆ ನೀನು ಬರೆದ ಮಾತು ಮನಸ್ಸಿನಲ್ಲೇ ಕೂತುಬಿಟ್ಟಿದೆ. "ಸಹಾಯ ಮಾಡೋಕೆ ಹೋದ್ರೂ ಬಾಗಿಲು ತೆಗೆಯಲ್ಲ. ತೆಗೆದ್ರೂ ಸಾಲ ಎಷ್ಟು ಅಂತ ನಿಜ ಹೇಳಲ್ಲ. ಅವರಿಗೇ ಬೇಡ ಅಂದ್ಮೇಲೆ ನಾನೇನು ಮಾಡಲಿ?"

ಬೇಡ ಅಂತ ಅಲ್ಲ ಮಗಳೇ. ಹೆದರಿದ್ದಾರೆ.

ನೀನು ಬೆಳಿಗ್ಗೆ ಹೇಗೆ ಹೋಗುತ್ತೀಯ ನೋಡಿಕೋ. ಸ್ಕೂಟರ್, ಹೆಗಲಿಗೆ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್. ಹೊಸಿಲ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತೀಯ. ಕಂತು ವಸೂಲಿಗೆ ಬರುವವರೂ ಹೀಗೇ ಬರುತ್ತಾರೆ. ಬೆಳಕು ಹರಿಯುವ ಹೊತ್ತಿಗೇ ಬಂದು, ದುಡ್ಡು ಕೊಡುವ ತನಕ ಏಳಲ್ಲ ಅಂತ ಜಗಲಿ ಮೇಲೆ ಕೂತವರಿದ್ದಾರೆ. ಆ ಮನೆಯ ಹೆಂಗಸು ಬೈಕಿನ ಸದ್ದು ಕೇಳಿದರೆ ಒಲೆ ಆರಿಸಿ ಹಿತ್ತಲಿಗೆ ಹೋಗುತ್ತಾಳೆ. "ಅಮ್ಮ ಇಲ್ಲ" ಅನ್ನೋದನ್ನು ಮಗು ಕಲಿತಿರುತ್ತೆ. ಬಂದದ್ದು ನೀನು ಅಂತ ಅವರ ಬುದ್ಧಿಗೆ ಗೊತ್ತಾಗುವ ಮೊದಲೇ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತೆ. ಪೆಟ್ಟು ತಿಂದ ಮನಸ್ಸು ಹಾಗೇ. ಅಪಾಯ ಮುಗಿದರೂ ಮೈ ಕಾವಲು ಬಿಡುವುದಿಲ್ಲ.

ಅದಕ್ಕೇ ಸ್ಕೂಟರನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸು. ಕಾರ್ಡು, ಟ್ಯಾಬ್ ಬ್ಯಾಗಿನಲ್ಲಿರಲಿ. ಮೊದಲ ದಿನ ಪಟ್ಟಿ ತೆಗೆಯಬೇಡ, ಫೋಟೋವಂತೂ ಬೇಡವೇ ಬೇಡ. ಪರಿಚಯದ ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಜೊತೆಗಿದ್ದರೆ ಒಳ್ಳೆಯದು. ಯಾರು, ಯಾಕೆ ಬಂದೆ ಅಂತ ಹೇಳು. "ಇವತ್ತು ಮಾತಾಡಬಹುದಾ, ಇನ್ನೊಂದು ದಿನ ಬರಲಾ" ಅಂತ ಕೇಳು. ಇನ್ನೊಂದು ದಿನ ಅಂದರೆ ಬೇಜಾರು ಮಾಡಿಕೊಳ್ಳದೆ ಎದ್ದು ಬಾ. ವಸೂಲಿಯವರು ಅವಳಿಗೆ ಬೇಡ ಅನ್ನುವ ಅವಕಾಶವನ್ನೇ ಕೊಟ್ಟಿರುವುದಿಲ್ಲ. ನಿನ್ನ ಮುಂದೆ ಬೇಡ ಅನ್ನೋಕೆ ಆಯಿತಲ್ಲ, ಅಲ್ಲಿಂದಲೇ ನಂಬಿಕೆ ಶುರು.

ಇನ್ನು ಸುಳ್ಳಿನ ವಿಷಯ. ಒಂದು ಸಂಘದ ಕಂತು ಕಟ್ಟೋಕೆ ಇನ್ನೊಂದು ಸಂಘದಲ್ಲಿ ಸಾಲ, ಅದಕ್ಕೆ ಮತ್ತೊಂದು. ಕೆಲವು ಸಾಲ ಗಂಡನಿಗೇ ಗೊತ್ತಿರಲ್ಲ. ಸಾಲ ಎಷ್ಟು ಅಂತ ಕೇಳಿದರೆ ಅವಳಿಗೆ ಲೆಕ್ಕ ನೆನಪಾಗುವುದಿಲ್ಲ, ಮಾನ ನೆನಪಾಗುತ್ತೆ. ಅದೂ ಅಲ್ಲದೆ ಹಣದ ಚಿಂತೆ ತಲೆಯನ್ನೇ ತಿಂದುಹಾಕುತ್ತೆ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಒಂದು ಅಧ್ಯಯನ ನಡೆದಿತ್ತು, 2013ರಲ್ಲಿ ಪ್ರಕಟವಾಯಿತು. ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗ ಒಂದು ಬುದ್ಧಿ ಪರೀಕ್ಷೆ, ಹಣ ಬಂದಮೇಲೆ ಅದೇ ರೈತರಿಗೆ ಮತ್ತೆ ಪರೀಕ್ಷೆ. ಹಣ ಬಂದಮೇಲೆ ಚೆನ್ನಾಗಿ ಮಾಡಿದರು. ಮನುಷ್ಯ ಅವನೇ, ತಲೆಯೂ ಅದೇ ಅಲ್ವಾ? ಹಾಗಾಗಿ ಮೀಟಿಂಗ್ ಮರೆತವರನ್ನು ಬೇಜವಾಬ್ದಾರಿ ಅನ್ನಬೇಡ. ಹಿಂದಿನ ಸಂಜೆ ಒಂದು ಫೋನ್ ಮಾಡು, ಅಷ್ಟು ಸಾಕು.

ಎಲ್ಲರನ್ನೂ ಸಮುದಾಯ ಭವನದಲ್ಲಿ ಒಟ್ಟಿಗೆ ಕೂರಿಸುವ ಯೋಚನೆ ಈಗಲೇ ಬೇಡ. ಗುಂಪು ಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಹಾಕಬೇಕು. ನಿನ್ನೆಯ ತನಕ ಸಾರು ಹಂಚಿಕೊಂಡ ಪಕ್ಕದ ಮನೆಯವಳೇ ಬೀದಿಯಲ್ಲಿ ನಿಂತು ಬೈದಿರುತ್ತಾಳೆ. ಈ ಗಾಯ ವಸೂಲಿಯವರು ಮಾಡಿದ್ದಕ್ಕಿಂತ ಜಾಸ್ತಿ ಆಳ ಅನ್ನೋದು ನನ್ನ ಅನಿಸಿಕೆ. ಬೈದವಳಿಗೂ ಅದೇ ಭಯ ಇತ್ತು. ಮೊದಲು ಒಬ್ಬೊಬ್ಬರ ಜೊತೆ ಮಾತಾಡು. ಗುಂಪು ಆಮೇಲೆ, ಅದೂ ಅವರೇ ಬಯಸಿದರೆ.

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದಾಗ ನನ್ನನ್ನು ಬಹಳ ನೋಯಿಸಿದ್ದು ಇದು: ಬಡವರು ತಮ್ಮ ಕಷ್ಟವನ್ನು ಮೇಜಿಂದ ಮೇಜಿಗೆ ಹೇಳಿಕೊಂಡು ತಿರುಗಬೇಕು. ಪ್ರತಿ ಸಲವೂ ಮೊದಲಿಂದ. ಕಣ್ಣೀರು ಬಂದರೆ ನಾಟಕ, ಬರದಿದ್ದರೆ ಅಂಥ ಕಷ್ಟವೇನಿಲ್ಲ ಅನ್ನುವ ನೋಟ. ಗಾಯದ ಹಕ್ಕಳೆ ಕಿತ್ತು ತೋರಿಸು ಅಂದಹಾಗೆ ಅದು. ನೀನು ಒಂದೇ ಸಲ ಕೇಳು. ಒಪ್ಪಿಗೆ ಪಡೆದು ಅವಳ ಮಾತಿನಲ್ಲೇ ಬರೆದುಕೋ. ಓದಿ ಹೇಳು. ಬೇಡ ಅಂದದ್ದನ್ನು ಹೊಡೆದುಹಾಕು. ಒಂದು ಪ್ರತಿ ಅವಳ ಕೈಗೆ ಕೊಡು. ಬ್ಯಾಂಕಿಗೋ, ಠಾಣೆಗೋ, ಡಿಸಿ ಕಚೇರಿಗೋ ಹೋದಾಗ ಆ ಕಾಗದ ಮಾತಾಡಲಿ, ನೀನು ಪಕ್ಕದಲ್ಲಿರು.

ಮನಸ್ಸಿಗೆ ಧೈರ್ಯ ಬರೋದು ಬರೀ ಸಾಂತ್ವನದಿಂದಲ್ಲ, ಅದನ್ನೂ ನೆನಪಿಡು. ಅವಳ ಕಡೆ ಕಾನೂನಿದೆ ಅಂತ ತಿಳಿಸು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು ತಪ್ಪು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. 2025ರ ಜನವರಿಯಲ್ಲಿ ನಿಮ್ಮ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರಲ್ಲ, ಅದಾದ ಮೇಲೆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು, ಆಮೇಲೆ ಅದು ಕಾಯ್ದೆಯೇ ಆಯಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆದರೆ ಸಾಲವೇ ಮನ್ನಾ ಆಗುತ್ತೆ ಅಂತ ಮಾತು ಕೊಡಬೇಡ. ಮಾತು ಕೊಟ್ಟು ತಪ್ಪಿದವರನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಗುರುವಾರ ಬರ್ತೀನಿ ಅಂದರೆ ಗುರುವಾರವೇ ಹೋಗು.

"ಇನ್ನು ಇದ್ದು ಏನು ಪ್ರಯೋಜನ" ಅನ್ನುವಂಥ ಮಾತು ಕಿವಿಗೆ ಬಿದ್ದರೆ ಹಗುರವಾಗಿ ತಗೋಬೇಡ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ, ಮೆಲ್ಲಗೆ ಕೇಳು. ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಹೊರೆ ಇಳಿಯುತ್ತೆ. ಮನೆಯಲ್ಲಿ ಹೊಲದ ಔಷಧಿ ಡಬ್ಬ ಇದ್ದರೆ ಬೇರೆ ಕಡೆ ಇಡಿಸು. ಅವಳನ್ನು ಒಂಟಿಯಾಗಿ ಬಿಟ್ಟು ಬರಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಿನ್ನ ಫೋನಿನಿಂದಲೇ ಹಚ್ಚಿಕೊಡು. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆಗೆ ಹೋಗಬೇಕು ಅಂದರೆ ಬಸ್ ಚಾರ್ಜಿಗಿಂತ ಅವತ್ತಿನ ಕೂಲಿ ಹೋಗುವುದೇ ದೊಡ್ಡ ಚಿಂತೆ. ಅದನ್ನು ನಿಮ್ಮ ಸಂಸ್ಥೆಯಲ್ಲಿ ಈಗಲೇ ಮಾತಾಡಿಟ್ಟುಕೋ.

ದಿನವೂ ಇಷ್ಟು ಕೇಳಿಸಿಕೊಂಡು ನಿನಗೂ ನಿದ್ದೆ ಕೆಡುತ್ತೆ. ಸಿಡುಕು ಬರುತ್ತೆ. ಹಾಗಾದಾಗ ಹಿರಿಯ ಸಹೋದ್ಯೋಗಿಗೆ ಹೇಳು, ಸುಮ್ನೆ ನುಂಗಿಕೊಳ್ಳಬೇಡ. ಶನಿವಾರ ಸಂಜೆ ನನಗೆ ಫೋನ್ ಮಾಡು. ಯಾರ ಹೆಸರೂ ಊರೂ ಹೇಳಬೇಡ, ನಿನಗೆ ಹೇಗಾಯಿತು ಅಂತ ಹೇಳು. ನಿಮ್ಮ ಅಪ್ಪನ ಕೈಲಿ ರಾಗಿ ಹುರಿಹಿಟ್ಟು ಕಳಿಸಿದ್ದೀನಿ.

ಇಂತಿ,
ನಿನ್ನ ದೊಡ್ಡಮ್ಮ