ಒಂದೇ ದ್ವೀಪಕ್ಕೆ ಬನ್ನಿ

ಬ್ರಿಜ್‌ಟೌನ್, ಬಾರ್ಬಡೋಸ್

ಪ್ರೀತಿಯ ಅಣ್ಣನಿಗೆ,

ನಾವಿಲ್ಲಿ ಕ್ಷೇಮ. ಅಪ್ಪ, ಅಮ್ಮ, ಅತ್ತಿಗೆ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬೇಸಗೆ ರಜೆಗೆ ನೀವೆಲ್ಲ ಇಲ್ಲಿಗೆ ಬರುವ ಸುದ್ದಿ ಓದಿ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ನೀನು ಕಳಿಸಿದ ಪಟ್ಟಿಯ ಬಗ್ಗೆ ಮೊದಲು ಮಾತಾಡಬೇಕು. ಎರಡು ವಾರದಲ್ಲಿ ಬಾರ್ಬಡೋಸ್, ಸೇಂಟ್ ಲೂಸಿಯಾ, ಟ್ರಿನಿಡಾಡ್, ಜಮೈಕಾ ನಾಲ್ಕನ್ನೂ ನೋಡಬೇಕೆಂದು ಬರೆದಿದ್ದೀಯ. ದಯವಿಟ್ಟು ಬೇಡ. ಭೂಪಟದಲ್ಲಿ ಇವೆಲ್ಲ ಒಂದಕ್ಕೊಂದು ತಾಗಿಕೊಂಡಂತೆ ಕಾಣುತ್ತವೆ. ನಿಜದಲ್ಲಿ ಇಲ್ಲಿಂದ ಜಮೈಕಾಕ್ಕೆ ಬೆಂಗಳೂರಿನಿಂದ ದೆಹಲಿಗೆ ಇರುವುದಕ್ಕಿಂತ ಹೆಚ್ಚು ದೂರ. ಪ್ರತಿಯೊಂದೂ ಬೇರೆ ದೇಶ. ಪ್ರತಿ ಸಲವೂ ಪಾಸ್‌ಪೋರ್ಟ್ ತಪಾಸಣೆಯ ಸಾಲು, ಹೊಸ ನಾಣ್ಯ, ಚೀಲ ಬಿಚ್ಚಿ ಮತ್ತೆ ಕಟ್ಟುವ ಕೆಲಸ. ಅಪ್ಪನ ಮಂಡಿ ನೋವಿಗೆ ಇದು ಆಗುವ ಮಾತಲ್ಲ.

ಟ್ರಿನಿಡಾಡ್ ಬೇಡ ಎನ್ನುವುದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ಅದು ಹಳದಿ ಜ್ವರದ ಅಪಾಯವಿರುವ ಪ್ರದೇಶ. ಅಲ್ಲಿಗೆ ಹೋಗಿ ಭಾರತಕ್ಕೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇರಲೇಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್. ಆ ಲಸಿಕೆಯನ್ನು ಅರುವತ್ತು ದಾಟಿದವರಿಗೆ ವೈದ್ಯರು ಯೋಚಿಸಿಯೇ ಕೊಡುತ್ತಾರೆ. ಬಾರ್ಬಡೋಸ್‌ಗೆ ಮಾತ್ರ ಬಂದು ಹೋಗುವವರಿಗೆ ಈ ತಾಪತ್ರಯವಿಲ್ಲ. ಈ ದ್ವೀಪದ ಉದ್ದ 34 ಕಿಲೋಮೀಟರ್, ಅಗಲ 23. ಒಂದೇ ಮನೆಯಲ್ಲಿ ಉಳಿದುಕೊಂಡು, ದಿನಕ್ಕೊಂದು ದಿಕ್ಕಿಗೆ ಹೋಗಿ ಸಂಜೆ ಹಿಂತಿರುಗಬಹುದು.

ಏಪ್ರಿಲ್ ಕೊನೆಯ ವಾರದಿಂದ ಮೇ ಮಧ್ಯದವರೆಗೆ ಬನ್ನಿ. ಮಕ್ಕಳ ಶಾಲೆಗೂ ಆಗ ರಜೆ. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಯುರೋಪು, ಅಮೆರಿಕದ ಜನ ಚಳಿ ತಪ್ಪಿಸಿಕೊಳ್ಳಲು ಇಲ್ಲಿಗೆ ಬರುವುದರಿಂದ ಬಾಡಿಗೆ ಏರಿರುತ್ತದೆ, ಆಮೇಲೆ ಇಳಿಯುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಅಪ್ಪನಿಗೆ ನೆನಪಿರಬಹುದು: 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಇದೇ ಊರಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ. ನಮ್ಮ ದ್ರಾವಿಡ್ ತರಬೇತುದಾರರಾಗಿದ್ದ ಕೊನೆಯ ಪಂದ್ಯವದು. ಎರಡೇ ದಿನಕ್ಕೆ ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. ವಿಮಾನ ನಿಲ್ದಾಣ ಮುಚ್ಚಿ, ಕಪ್ ಗೆದ್ದ ತಂಡವೇ ಹೋಟೆಲಿನಲ್ಲಿ ಸಿಕ್ಕಿಕೊಂಡಿತು. ಪಾಪ, ಇಲ್ಲಿನ ಮೀನುಗಾರರ ಎಷ್ಟೋ ದೋಣಿಗಳು ಪುಡಿಯಾದವು. ವಿಶ್ವಕಪ್ ತಂಡಕ್ಕಾದರೆ ವಿಶೇಷ ವಿಮಾನ ಬರುತ್ತದೆ, ನಮಗೆ ಬರುವುದಿಲ್ಲ. ಆದ್ದರಿಂದ ಜೂನ್‌ಗೆ ಮುಂದೂಡುವ ಯೋಚನೆಯನ್ನೇ ಮಾಡಬೇಡ.

ಇನ್ನು ವೀಸಾ. ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗರಿಗೆ ಬಾರ್ಬಡೋಸ್‌ಗೆ ಮೊದಲೇ ವೀಸಾ ಬೇಕಿಲ್ಲ. ಹಿಂತಿರುಗುವ ಟಿಕೆಟ್, ಉಳಿಯುವ ವಿಳಾಸ ಕೇಳುತ್ತಾರೆ. ನನ್ನ ವಿಳಾಸವನ್ನು ಚೀಟಿಯಲ್ಲಿ ಬರೆದು ಎಲ್ಲರ ಕೈಗೂ ಕೊಡು. ತೊಡಕಿರುವುದು ದಾರಿಯಲ್ಲಿ. ಅಮೆರಿಕದ ಮೂಲಕ ಬಂದರೆ, ವಿಮಾನ ಬದಲಿಸುವುದಕ್ಕಷ್ಟೇ ಇಳಿದರೂ ಆ ದೇಶದ ವೀಸಾ ಬೇಕು. ಲಂಡನ್ ಮೂಲಕ ಬಂದರೂ ನಮ್ಮವರಿಗೆ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದವರಿಗೆ ಮಾತ್ರ ವಿನಾಯಿತಿ. ಇಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಓದು. ಅಗ್ಗವೆಂದು ಹೀಥ್ರೂವಿನಲ್ಲಿ ಇಳಿದು ಗ್ಯಾಟ್‌ವಿಕ್‌ನಿಂದ ಹಾರುವ ಟಿಕೆಟ್ ತೆಗೆದುಕೊಂಡರೆ ನೀವು ಬ್ರಿಟನ್ನಿನ ಒಳಗೇ ಹೋಗಬೇಕಾಗುತ್ತದೆ. ಅದಕ್ಕೆ ಬೇರೆಯೇ ಬಗೆಯ ವೀಸಾ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೂ ಅದೇ ಫಜೀತಿ, ಸಾಮಾನನ್ನು ಹೊರಗೆ ಹೋಗಿ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾಗಬಹುದು. ಹಣ ಸ್ವಲ್ಪ ಹೆಚ್ಚಾದರೂ ಸರಿ, ಬೆಂಗಳೂರಿನಿಂದ ಬ್ರಿಜ್‌ಟೌನ್‌ವರೆಗೆ ಒಂದೇ ಟಿಕೆಟ್ ಇರಲಿ, ಹೀಥ್ರೂವಿನಲ್ಲೇ ವಿಮಾನ ಬದಲಾಗಲಿ. ಅಪ್ಪನಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳು. ಅವರು ಸಂಕೋಚಪಡುತ್ತಾರೆ, ಒಪ್ಪಿಸುವ ಹೊಣೆ ಅತ್ತಿಗೆಯದು.

ರೂಪಾಯಿ ಇಲ್ಲಿ ನಡೆಯುವುದಿಲ್ಲ. ಇಲ್ಲಿನ ಎರಡು ಡಾಲರ್ ಅಮೆರಿಕದ ಒಂದು ಡಾಲರ್‌ಗೆ ಸಮ, 1975ರಿಂದ ಅದೇ ದರ. ಅಮೆರಿಕದ ಡಾಲರನ್ನು ಅಂಗಡಿಯವರೂ ತೆಗೆದುಕೊಳ್ಳುತ್ತಾರೆ. ಆದರೆ ಯಾರಾದರೂ ಬೆಲೆ ಹೇಳಿದ ಕೂಡಲೇ ಯಾವ ಡಾಲರ್ ಎಂದು ಕೇಳಬೇಕು. ಕೇಳದೆ ಕೊಟ್ಟರೆ ದುಪ್ಪಟ್ಟು ಕೊಟ್ಟಂತಾದೀತು. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ಬಾಡಿಗೆ ಕೇಳಿಕೊಳ್ಳಿ. ಬಸ್ಸಿಗೆ ಮೂರೂವರೆ ಸ್ಥಳೀಯ ಡಾಲರ್, ಹತ್ತಿರದ ನಿಲ್ದಾಣಕ್ಕೂ ಅಷ್ಟೇ, ದ್ವೀಪದ ಇನ್ನೊಂದು ತುದಿಗೂ ಅಷ್ಟೇ. ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ವಾಪಸು ಕೊಡುವುದಿಲ್ಲ. ಇಲ್ಲೂ ವಾಹನಗಳು ಎಡಕ್ಕೇ ಹೋಗುವುದರಿಂದ ನೀನೂ ಕಾರು ಓಡಿಸಬಹುದು. ಭಾರತದ ಲೈಸೆನ್ಸ್ ತೋರಿಸಿದರೆ ಕಾರು ಬಾಡಿಗೆಗೆ ಕೊಡುವವರೇ ತಾತ್ಕಾಲಿಕ ಪರವಾನಗಿ ಮಾಡಿಸಿಕೊಡುತ್ತಾರೆ.

ಅಮ್ಮನಿಗೆ ಊಟದ್ದೇ ಚಿಂತೆಯಂತೆ. ಇಲ್ಲಿ ಜೀಗುಜ್ಜೆ ಇದೆ ಎಂದು ಮೊದಲು ಹೇಳು! ನಮ್ಮಲ್ಲಿ ಪಲ್ಯ, ಪೋಡಿ ಮಾಡಿದರೆ ಇವರು ಇಡೀ ಕಾಯಿಯನ್ನು ಕೆಂಡದ ಮೇಲಿಟ್ಟು, ಸಿಪ್ಪೆ ಇದ್ದಲಿನಂತೆ ಕಪ್ಪಾಗುವವರೆಗೆ ತಿರುಗಿಸಿ ತಿರುಗಿಸಿ ಸುಡುತ್ತಾರೆ. ಆಮೇಲೆ ಎರಡಾಗಿ ಸೀಳುತ್ತಾರೆ. ಒಳಗೆ ಹಳದಿ ಬೆರೆತ ಬಿಳಿ ತಿರುಳು, ಮುಖಕ್ಕೆ ಬಡಿಯುವ ಹಬೆ. ಅದರ ಮೇಲೆ ಬೆಣ್ಣೆ, ಉಪ್ಪು ಹಾಕಿ ಬಿಸಿಬಿಸಿ ತಿನ್ನಬೇಕು. ಅಮ್ಮನ ಕೈಯಲ್ಲಿ ಚಟ್ನಿಪುಡಿಯೂ ಇದ್ದರೆ ಮತ್ತೇನು ಬೇಕು! ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಮುದ್ದೆಯಂತೆ ತಿರುವಿದ ಕೂಕೂ ಕೂಡ ಅಪ್ಪನಿಗೆ ಹಿಡಿಸುತ್ತದೆ, ಜೊತೆಗೆ ಬಡಿಸುವ ಮೀನು ಬೇಡವೆಂದರಾಯಿತು. ಅನ್ನ ಮತ್ತು ಕಾಳಿನ ಅಡುಗೆಯನ್ನು ಮಾತ್ರ ಕೇಳದೆ ತಿನ್ನಬೇಡಿ, ಕೆಲವರು ಅದಕ್ಕೆ ಉಪ್ಪು ಹಾಕಿದ ಮಾಂಸ ಸೇರಿಸಿ ಬೇಯಿಸುತ್ತಾರೆ. ಆಲೂಗಡ್ಡೆ ಪಲ್ಯ ತುಂಬಿದ ರೊಟ್ಟಿ ಸುಲಭವಾಗಿ ಸಿಗುತ್ತದೆ. ನಲ್ಲಿಯ ನೀರನ್ನು ಕಾಯಿಸದೆ ಕುಡಿಯಬಹುದು. ಹವಳದ ಸುಣ್ಣಕಲ್ಲಿನ ಪದರಗಳಲ್ಲಿ ಇಳಿದು ಸೋಸಿ ಬಂದ ನೀರದು.

ಅಮ್ಮ ಮಿಕ್ಸಿ ಹೊತ್ತು ತರುವುದು ಬೇಡ. ಇಲ್ಲಿನ ವಿದ್ಯುತ್ತು 115 ವೋಲ್ಟ್, ಅದು ಸರಿಯಾಗಿ ತಿರುಗುವುದೇ ಇಲ್ಲ. ಮೊಬೈಲ್ ಚಾರ್ಜರ್ ನಡೆಯುತ್ತದೆ, ಅಮೆರಿಕದ ಮಾದರಿಯ ಚಪ್ಪಟೆ ಪಿನ್ನಿನ ಅಡಾಪ್ಟರ್ ತನ್ನಿ. ಹಸಿ ಕರಿಬೇವು, ಹಣ್ಣು, ಬೀಜ, ಗಿಡ ಯಾವುದನ್ನೂ ಚೀಲಕ್ಕೆ ತುರುಕಬೇಡಿ. ಅಪ್ಪನ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಡಿ. ಸೊಳ್ಳೆಗೆ ಹಚ್ಚುವ ಮುಲಾಮು ಇರಲಿ, ಇಲ್ಲೂ ಡೆಂಗಿ ಇದೆ. ಮಗನ ಆ ಮಿಲಿಟರಿ ಬಣ್ಣದ ಟೋಪಿ, ಚಡ್ಡಿ ಊರಲ್ಲೇ ಇರಲಿ. ಸೈನಿಕರ ಮಾದರಿಯ ಬಟ್ಟೆಯನ್ನು ಬೇರೆಯವರು ತೊಡುವುದು ಇಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳಿಗೂ ವಿನಾಯಿತಿಯಿಲ್ಲ.

ಸಮುದ್ರದ ವಿಷಯದಲ್ಲಿ ನಾನು ಕಟ್ಟುನಿಟ್ಟು, ಬೇಸರ ಮಾಡಿಕೊಳ್ಳಬೇಡ. ಮಕ್ಕಳು ಈಜುವುದು ಪಶ್ಚಿಮ ತೀರದಲ್ಲಿ ಅಥವಾ ಪಟ್ಟಣದ ಪಕ್ಕದ ಕಾರ್ಲೈಲ್ ಕೊಲ್ಲಿಯಲ್ಲಿ ಮಾತ್ರ. ಅಲ್ಲಿ ನೀರು ಶಾಂತ, ಕಡಲಾಮೆಗಳೂ ಕಾಣುತ್ತವೆ. ಪೂರ್ವದ ಬಾತ್‌ಶೆಬಾ ಬಲು ಚೆಂದ, ಆದರೆ ಅಟ್ಲಾಂಟಿಕ್ ಸಾಗರ ನೇರವಾಗಿ ಬಂದು ಅಪ್ಪಳಿಸುವ ಜಾಗ. ಅಲ್ಲಿ ದಡದಲ್ಲಿ ಕುಳಿತು ನೋಡುವುದಷ್ಟೇ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಪಾಚಿಯೂ ಪೂರ್ವ, ದಕ್ಷಿಣ ತೀರಗಳಿಗೆ ರಾಶಿರಾಶಿಯಾಗಿ ಬರುತ್ತಿದೆ, ಕೊಳೆತರೆ ಕೆಟ್ಟ ವಾಸನೆ. ಮೇ ತಿಂಗಳಲ್ಲಿ ಅದು ಬರಬಹುದು. ಪಶ್ಚಿಮ ತೀರವನ್ನು ಆರಿಸಲು ಇದೂ ಒಂದು ಕಾರಣ.

ಮಕ್ಕಳಿಗೆ ಈಗಿನಿಂದಲೇ ಹೇಳಿಕೊಡಬೇಕಾದ ಒಂದು ಮರವಿದೆ, ಮ್ಯಾಂಚನೀಲ್. ಕಡಲ ದಂಡೆಯಲ್ಲೇ ಬೆಳೆಯುತ್ತದೆ. ಹೊಳಪಿನ ಎಲೆ, ಎಳೆಯ ಪೇರಳೆಯಷ್ಟು ಗಾತ್ರದ ಹಸಿರು ಕಾಯಿ. ನೋಡಿದರೆ ಬಾಯಿಗೆ ಹಾಕಿಕೊಳ್ಳೋಣ ಅನಿಸುತ್ತದೆ. ಆದರೆ ಅದರ ಹಾಲು ತಾಗಿದರೆ ಚರ್ಮದಲ್ಲಿ ಬೊಕ್ಕೆ ಏಳುತ್ತದೆ, ತಿಂದರೆ ಗಂಟಲೇ ಸುಡುತ್ತದೆ. ಮಳೆ ಬಂತೆಂದು ಅದರಡಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೂ ಮೈ ಸುಡುತ್ತದೆ. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಕೆಂಪು ಪಟ್ಟಿ ಕಂಡರೆ ದೂರ, ಪಟ್ಟಿ ಇಲ್ಲದಿದ್ದರೂ ದಂಡೆಯಲ್ಲಿ ಬಿದ್ದ ಯಾವ ಕಾಯಿಯನ್ನೂ ಮುಟ್ಟಬಾರದು.

ಅಪ್ಪನನ್ನು ಹ್ಯಾರಿಸನ್ ಗುಹೆಗೆ ಕರೆದೊಯ್ಯುತ್ತೇನೆ. ಪುಟ್ಟ ಟ್ರಾಮ್‌ನಲ್ಲಿ ಕುಳಿತೇ ನೆಲದಡಿಯ ಸುಣ್ಣಕಲ್ಲಿನ ಗುಹೆಗಳನ್ನು ನೋಡಬಹುದು. ಓವಲ್ ಮೈದಾನಕ್ಕೂ ಹೋಗಲೇಬೇಕು. ಉಳಿದದ್ದನ್ನು ಬಂದ ಮೇಲೆ ನೋಡಿಕೊಳ್ಳೋಣ.

ಎಲ್ಲರ ಪಾಸ್‌ಪೋರ್ಟ್ ಪ್ರಯಾಣದ ದಿನದಿಂದ ಆರು ತಿಂಗಳಾದರೂ ಚಾಲ್ತಿಯಲ್ಲಿರುತ್ತದೆಯೇ ಎಂದು ಇವತ್ತೇ ನೋಡು. ಅಮ್ಮನದು ಮುಗಿಯುತ್ತಾ ಬಂದಿರಬೇಕು, ಅದನ್ನು ನವೀಕರಿಸದೆ ಲಂಡನ್ ವೀಸಾಕ್ಕೆ ಅರ್ಜಿ ಹಾಕಬೇಡ. ತಾರೀಕು ನಿಶ್ಚಯವಾದರೆ ತಿಳಿಸು, ನಾನೂ ರಜೆ ಕೇಳಬೇಕು. ಫೋನ್ ಮಾಡುವುದಾದರೆ ನಿಮ್ಮ ಸಂಜೆ ಆರೂವರೆಗೆ ಮಾಡು, ಆಗ ಇಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ.

ಅಪ್ಪ ಅಮ್ಮನಿಗೆ, ಅತ್ತಿಗೆಗೆ ನನ್ನ ನಮಸ್ಕಾರ. ಮಕ್ಕಳಿಗೆ ಮುದ್ದು.

ನಿನ್ನ ತಂಗಿ