ಪಕ್ಕದಲ್ಲಿ ಕೂತವನು ಅವನೇನಾ?

ಪ್ರೀತಿಯ ಗೆಳೆಯಾ,

ಇತ್ತೀಚೆಗೆ ಏನೇನು ನೋಡಿದೆ, ಯಾವುದು ಹೆದರಿಸಿತು ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೈನ್ಸ್ ಫಿಕ್ಷನ್, ಹಾರರ್, ಎರಡೂ ಬೆರೆತವು ಹೀಗೆ ಒಂದರ ಹಿಂದೆ ಒಂದು ನೋಡಿದೆ. ದೆವ್ವ, ರಕ್ತ, ದಿಢೀರಂತ ಕೇಳುವ ಸದ್ದು ಆ ಕ್ಷಣಕ್ಕೆ ಬೆಚ್ಚಿ ಬೀಳಿಸುತ್ತವೆ, ಆಮೇಲೆ ಮರೆತೇ ಹೋಗುತ್ತವೆ. ನನ್ನನ್ನು ಬಿಡದೆ ಕಾಡಿದ್ದು ಬೇರೆ ಥರದ ಭಯ. ಪಕ್ಕದಲ್ಲಿ ಕೂತವನು ನಿಜವಾಗಿಯೂ ಅವನೇನಾ? ನಾನು ನಾನೇ ಅಂತ ಅವನನ್ನು ಹೇಗೆ ನಂಬಿಸಲಿ?

ಈ ಭಯವನ್ನು ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’ನಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ನಾನು ನೋಡಿಲ್ಲ. 1982ರದ್ದು. ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಕೇಂದ್ರ, ಅಲ್ಲಿ 12 ಗಂಡಸರು. ಶುರುವಿನಲ್ಲೇ ನಾರ್ವೆಯವರ ಹೆಲಿಕಾಪ್ಟರ್ ಒಂದು ನಾಯಿಯನ್ನು ಹಿಮದ ಮೇಲೆ ಅಟ್ಟಿಸಿಕೊಂಡು ಬರುತ್ತದೆ. ಬಂದೂಕು ಹಿಡಿದವನು ಏನನ್ನೋ ಕೂಗಿ ಕೂಗಿ ಹೇಳುತ್ತಾನೆ. ಅಮೆರಿಕದವರಿಗೆ ಒಂದು ಅಕ್ಷರವೂ ಅರ್ಥವಾಗುವುದಿಲ್ಲ. ಅವನನ್ನೇ ಗುಂಡು ಹೊಡೆದು ಸಾಯಿಸಿ, ನಾಯಿಯನ್ನು ಒಳಗೆ ಕರೆದುಕೊಳ್ಳುತ್ತಾರೆ. ಅವನು ನಾರ್ವೆಯ ಭಾಷೆಯಲ್ಲಿ ಹೇಳುತ್ತಿದ್ದದ್ದು, ದೂರ ಹೋಗಿ, ಅದು ನಾಯಿಯಲ್ಲ ಅಂತ! ಮುಂದೆ ಆಗುವುದಕ್ಕೆಲ್ಲ ಎಚ್ಚರಿಕೆ ಮೊದಲ ಕೆಲವೇ ನಿಮಿಷದಲ್ಲಿ ಸಿಕ್ಕಿದೆ, ಕೇಳಿಸಿಕೊಂಡವರಿಲ್ಲ.

ನಾಯಿಯ ರೂಪದಲ್ಲಿ ಒಳಗೆ ಬಂದದ್ದು ಅನ್ಯಲೋಕದ ಜೀವಿ. ಅದು ಯಾರನ್ನು ನುಂಗುತ್ತದೋ ಅವರಂತೆಯೇ ಆಗಿಬಿಡುತ್ತದೆ. ಮಾತು, ನಡೆ, ಮುಖ ಯಾವುದರಲ್ಲೂ ವ್ಯತ್ಯಾಸ ಕಾಣುವುದಿಲ್ಲ. ರಕ್ತ ಪರೀಕ್ಷೆಯ ದೃಶ್ಯವನ್ನು ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡಿದೆ. ಆ ಜೀವಿಯ ಒಂದೊಂದು ತುಣುಕೂ ಬೇರೆಯೇ ಜೀವ, ಹಾಗಾಗಿ ಅದರ ಒಂದು ಹನಿ ರಕ್ತ ಕೂಡ ಪ್ರಾಣ ಉಳಿಸಿಕೊಳ್ಳಲು ನೋಡುತ್ತದೆ ಅನ್ನುವುದು ಕೇಂದ್ರದ ಪೈಲಟ್ ಮ್ಯಾಕ್‌ರೆಡಿಯ ಲೆಕ್ಕಾಚಾರ. ಎಲ್ಲರ ರಕ್ತ ತೆಗೆದು, ಕಾಯಿಸಿದ ತಂತಿಯನ್ನು ಒಬ್ಬೊಬ್ಬರದ್ದಕ್ಕೂ ಅದ್ದುತ್ತಾ ಹೋಗುತ್ತಾನೆ. ಚುಂಯ್ ಅಂದರೆ ಮನುಷ್ಯ. ಪ್ರತಿ ಸಲ ಆ ಸದ್ದು ಕೇಳಿದಾಗ ನನಗೇ ಸಮಾಧಾನವಾಗುತ್ತಿತ್ತು. ಆದರೆ ಸ್ವಲ್ಪ ಮೊದಲು ಅವನೇ ಗುಂಡು ಹೊಡೆದು ಕೊಂದವನ ರಕ್ತವೂ ಚುಂಯ್ ಅನ್ನುತ್ತದೆ. ಅಲ್ಲಿಗೆ ಕತೆ ಜೀವಿಯದ್ದಷ್ಟೇ ಅಲ್ಲ, ಇವರದ್ದೂ ಆಗುತ್ತದೆ. ಅನುಮಾನವೇ ಒಬ್ಬನನ್ನು ಕೊಂದಾಯಿತಲ್ಲ.

ಆ ಜೀವಿಯ ವಿಕಾರ ರೂಪಗಳನ್ನೆಲ್ಲ ಕಂಪ್ಯೂಟರ್ ಇಲ್ಲದೆ, ರಬ್ಬರ್, ಬಣ್ಣ, ಯಂತ್ರಗಳಿಂದ ಮಾಡಿದ್ದಾರೆ. ಬಹುಪಾಲು ಕೆಲಸ ರಾಬ್ ಬೊಟಿನ್ ಅನ್ನುವವರದ್ದು. ಆಗ ಅವರಿಗೆ ಇಪ್ಪತ್ತು ದಾಟಿ ಒಂದೆರಡು ವರ್ಷ ಅಷ್ಟೇ. ಸ್ನೇಹಮಯಿ ಅನ್ಯಲೋಕದ ಜೀವಿಯ ‘ಇ.ಟಿ.’ ಬಂದ ಎರಡೇ ವಾರಕ್ಕೆ ಇದು ತೆರೆಕಂಡಿತು. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು, ಜನರೂ ಬರಲಿಲ್ಲ. ಇವತ್ತು ಇದನ್ನು ಹಾರರ್‌ನ ದೊಡ್ಡ ಸಿನಿಮಾಗಳಲ್ಲಿ ಒಂದು ಅನ್ನುತ್ತಾರೆ.

‘ಕೋಹಿರೆನ್ಸ್’ (2013) ಇದಕ್ಕೆ ಪೂರ್ತಿ ಉಲ್ಟಾ. ಖರ್ಚೇ ಇಲ್ಲ ಅನ್ನಬೇಕು. ನಿರ್ದೇಶಕ ಜೇಮ್ಸ್ ವಾರ್ಡ್ ಬರ್ಕಿಟ್ ತಮ್ಮ ಸ್ವಂತ ಮನೆಯಲ್ಲಿ 5 ರಾತ್ರಿಗಳಲ್ಲಿ ಶೂಟಿಂಗ್ ಮುಗಿಸಿದರು. ನಟರಿಗೆ ಪೂರ್ತಿ ಸಂಭಾಷಣೆ ಕೊಡದೆ, ದಿನಕ್ಕೊಂದಿಷ್ಟು ಚೀಟಿ ಕೊಡುತ್ತಿದ್ದರಂತೆ. 8 ಜನ ಗೆಳೆಯರು ಊಟಕ್ಕೆ ಸೇರಿದ್ದಾರೆ, ಆಕಾಶದಲ್ಲಿ ಧೂಮಕೇತು, ಕರೆಂಟ್ ಹೋಗುತ್ತದೆ. ದೂರದಲ್ಲಿ ಒಂದೇ ಒಂದು ಮನೆಯಲ್ಲಿ ಬೆಳಕು. ಹೋಗಿ ನೋಡಿದರೆ ಅದೂ ಇದೇ ಮನೆ, ಒಳಗೆ ಇವರೇ! ಆಮೇಲಿನ ಗೊಂದಲ ನೀನೇ ನೋಡು. ಹೊರಗೆ ಹೋಗಿ ವಾಪಸ್ ಬಂದವರು ಈ ಮನೆಯವರೇ ಅಂತ ಹೇಗೆ ಹೇಳುವುದು? ಅವರಿಗೇ ಗೊತ್ತಿಲ್ಲ.

ಲೀ ವನೆಲ್ ಅವರ ‘ದಿ ಇನ್ವಿಸಿಬಲ್ ಮ್ಯಾನ್’ (2020) ಸಿಟ್ಟು ತರಿಸಿತು, ಒಳ್ಳೆಯ ಅರ್ಥದಲ್ಲಿ. ಎಚ್. ಜಿ. ವೆಲ್ಸ್ 1897ರಲ್ಲಿ ಬರೆದ ಕಾದಂಬರಿಯಲ್ಲಿ ಕೇಂದ್ರದಲ್ಲಿರುವವನು ಅದೃಶ್ಯ ಮನುಷ್ಯ. ಇಲ್ಲಿ ಅವನಿಂದ ತಪ್ಪಿಸಿಕೊಂಡು ಬಂದ ಹೆಂಗಸು. ಅವಳು ಸತ್ಯ ಹೇಳುತ್ತಿದ್ದಾಳೆ ಅಂತ ನಮಗೆ ಗೊತ್ತು, ಅವಳ ಸುತ್ತ ಇರುವವರು ಮಾತ್ರ ಒಬ್ಬರೂ ನಂಬುವುದಿಲ್ಲ. ಕ್ಯಾಮೆರಾ ಸುಮ್ನೆ ಖಾಲಿ ಮೂಲೆಯ ಕಡೆ ತಿರುಗಿ ಅಲ್ಲೇ ನಿಲ್ಲುತ್ತದೆ. ಏನೂ ಇಲ್ಲದ ಆ ಮೂಲೆಯನ್ನು ನೋಡುತ್ತಾ ಉಸಿರು ಹಿಡಿದು ಕೂತಿದ್ದೆ. ಆ ಹೆಂಗಸಿನ ಪಾತ್ರ ಮಾಡಿದ ಎಲಿಸಬೆತ್ ಮಾಸ್ ಕಣ್ಣಲ್ಲೇ ಇಡೀ ಸಿನಿಮಾ ಹೊತ್ತಿದ್ದಾರೆ.

ಸರಣಿಗಳಲ್ಲಿ ‘ಸೆವೆರೆನ್ಸ್’. ಮೊದಲ ಸೀಸನ್ 2022ರಲ್ಲಿ, ಎರಡನೆಯದು 2025ರಲ್ಲಿ ಬಂತು. ಮೆದುಳಿಗೆ ಒಂದು ಚಿಪ್ ಹಾಕಿಸಿಕೊಂಡರೆ ಆಫೀಸಿನ ನೆನಪು ಹೊರಗಿಲ್ಲ, ಹೊರಗಿನ ನೆನಪು ಆಫೀಸಿನಲ್ಲಿಲ್ಲ. ಇದನ್ನು ಹಾರರ್ ಅಂತ ಯಾರೂ ಕರೆಯುವುದಿಲ್ಲ, ನಾನು ಕರೆಯುತ್ತೇನೆ. ಚಿಪ್ ಹಾಕಿಸಿಕೊಂಡವರಲ್ಲಿ ಹೆಲಿ ಒಬ್ಬಳು. ಆಫೀಸಿನ ಒಳಗಿನ ಹೆಲಿ ಕೆಲಸ ಬಿಡುತ್ತೇನೆ ಅಂತ ಬೇಡಿಕೊಳ್ಳುತ್ತಾಳೆ. ಅದಕ್ಕೆ ಒಪ್ಪಿಗೆ ಕೊಡಬೇಕಾದವಳು ಹೊರಗಿನ ಹೆಲಿ, ಅಂದರೆ ಅವಳೇ. ಹೊರಗಿನವಳು ವಿಡಿಯೋದಲ್ಲಿ ತಣ್ಣಗೆ ಉತ್ತರ ಕಳಿಸುತ್ತಾಳೆ: ನಾನು ಮನುಷ್ಯಳು, ನೀನಲ್ಲ. ಯಾವ ದೆವ್ವವೂ ನನ್ನನ್ನು ಹೀಗೆ ಅಲುಗಾಡಿಸಿಲ್ಲ ಕಣೋ. ತನ್ನ ಮೇಲೆ ತಾನೇ ಇಷ್ಟು ಕ್ರೂರವಾಗಿ ಇರಬಹುದಾ?

‘ಎ ಕ್ವೈಟ್ ಪ್ಲೇಸ್’ (2018) ಕೂಡ ನೋಡಿದೆ. ಸದ್ದು ಕೇಳಿದರೆ ಬೇಟೆಯಾಡುವ ಜೀವಿಗಳ ನಡುವೆ ಸದ್ದು ಮಾಡದೆ ಬದುಕುವ ಒಂದು ಮನೆಯವರ ಕತೆ. ಸದ್ದಿಲ್ಲದ ದೃಶ್ಯಗಳು ಚೆನ್ನಾಗಿವೆ. ಕಿವಿ ಕೇಳದ ಮಗಳ ಪಾತ್ರಕ್ಕೆ ನಿಜವಾಗಿಯೂ ಕಿವಿ ಕೇಳದ ಮಿಲಿಸೆಂಟ್ ಸಿಮಂಡ್ಸ್ ಅವರನ್ನೇ ಆರಿಸಿದ್ದು ಖುಷಿ ಕೊಟ್ಟಿತು. ಆದರೆ ಆ ಮನೆಯವರಲ್ಲಿ ಎಷ್ಟೇ ನೋವಿದ್ದರೂ ಒಬ್ಬರಿಗೊಬ್ಬರು ಆಗುತ್ತಾರೆ. ಹಾಗಾಗಿ ನನಗೆ ಹೆದರಿಕೆಗಿಂತ ಧೈರ್ಯವೇ ಜಾಸ್ತಿ ಬಂತು.

ನೀನು ‘ದಿ ಥಿಂಗ್’ನಿಂದಲೇ ಶುರು ಮಾಡು, ಹೆಡ್‌ಫೋನ್ ಹಾಕಿಕೊಂಡು. ಎನಿಯೋ ಮೊರಿಕೋನೆ ಅವರ ಸಂಗೀತ ಎದೆ ಬಡಿತದ ಹಾಗೆ ಬರುತ್ತದೆ, ಸಣ್ಣ ಸ್ಪೀಕರಿನಲ್ಲಿ ಅದು ಸಿಗುವುದಿಲ್ಲ. ಕೊನೆಯಲ್ಲಿ ಇಬ್ಬರು ಉಳಿಯುತ್ತಾರೆ. ಇಬ್ಬರೂ ಮನುಷ್ಯರೇ ಅಂತ ನನ್ನ ವಾದ. ಒಪ್ಪದಿದ್ದರೆ ಯಾಕೆ ಅಂತ ವಿವರವಾಗಿ ಬರಿ.

ನಿನ್ನ ಗೆಳೆಯ